ಹನ್ನೆರಡು ಚಿತ್ರ, ಇನ್ನೂರ ನಲವತ್ತು ಪರದೆ

ಪಹಣಿಯ ವಿಸ್ತೀರ್ಣದ ಜಾಗದಲ್ಲಿ 2.20 ಎಂದಿದ್ದರೆ ಹೆಗ್ಗಡದೇವನಕೋಟೆ ತಾಲ್ಲೂಕಿನ ಅಂತರಸಂತೆ ಹೋಬಳಿಯ ಯಾವ ರೈತನೂ ಅದನ್ನು ಎರಡು ಪಾಯಿಂಟ್ ಎರಡು ಎಂದು ಓದುವುದಿಲ್ಲ. ಎರಡು ಎಕರೆ ಇಪ್ಪತ್ತು ಗುಂಟೆ ಎನ್ನುತ್ತಾನೆ. ಎಕರೆಗೆ 40 ಗುಂಟೆಯಾದ್ದರಿಂದ ಅದು ಎರಡೂವರೆ ಎಕರೆ. ಅದೇ ಬರಹವನ್ನು ದಶಮಾಂಶ ಎಂದು ಹಿಡಿದ ಕಂಪ್ಯೂಟರಿಗೆ ಅದು 2 ಎಕರೆ 8 ಗುಂಟೆ. ಒಂದು ಚುಕ್ಕಿಯ ಎರಡು ಓದಿನ ನಡುವೆ 12 ಗುಂಟೆ ಮಾಯವಾಗುತ್ತದೆ. ಗುಂಟೆಗೆ 1,089 ಚದರಡಿಯಂತೆ 13,068 ಚದರಡಿ. ಪಟ್ಟಣದವರ ಲೆಕ್ಕದಲ್ಲಿ ಹೇಳುವುದಾದರೆ ಮೂವತ್ತು-ನಲವತ್ತರ ಹತ್ತು ಸೈಟು, ಮೇಲೆ ಇನ್ನೂ ಸಾವಿರ ಚಿಲ್ಲರೆ ಅಡಿ ಮಿಗುತ್ತದೆ.

ಈ ತಪ್ಪನ್ನು ನಾನೇ ಮಾಡಿದ್ದೇನೆ. ಬೆಳೆಗಾರರ ಒಂದು ಸಣ್ಣ ಗುಂಪಿಗಾಗಿ ಮೊಬೈಲ್ ಆಪ್ ಬರೆಯುತ್ತಿದ್ದ ಕಾಲ. ನಮ್ಮ ಜೊತೆಗಿದ್ದ ಡಿಸೈನರ್ ಕಳಿಸಿದ ಚಿತ್ರದಲ್ಲಿ ‘ವಿಸ್ತೀರ್ಣ’ ಎಂಬ ಮಾತಿನ ಕೆಳಗೆ ಒಂದು ಚೌಕ, ಚೌಕದೊಳಗೆ ಮಾದರಿಗೆಂದು 2.20. ಪಹಣಿಯಲ್ಲಿ ಹೇಗಿತ್ತೋ ಹಾಗೇ ಅವರು ಇಳಿಸಿಕೊಂಡಿದ್ದರು. ನಾನು ಚುಕ್ಕಿ ನೋಡಿದೆ, ದಶಮಾಂಶದ ಸಂಖ್ಯೆ ಎಂದು ಬರೆದೆ. ಅವರ ಕೆಲಸ ಅವರು ನೆಟ್ಟಗೆ ಮಾಡಿದ್ದರು, ನನ್ನದನ್ನು ನಾನು ನೆಟ್ಟಗೆ ಮಾಡಿದ್ದೆ. ಚಿತ್ರ ಒಪ್ಪಿಗೆಯಾಯಿತು, ಕೋಡ್ ಪರೀಕ್ಷೆಯಲ್ಲಿ ಪಾಸಾಯಿತು. ಆಪ್ ಹೊರಗೆ ಹೋಗುವ ಮುಂಚೆ ಹಿರಿಯರೊಬ್ಬರು ಒಟ್ಟು ಜಮೀನಿನ ಸಾಲನ್ನು ನೋಡಿ ‘ನಂದು ಕಮ್ಮಿ ತೋರಿಸ್ತಾ ಅದಲ್ಲ’ ಎನ್ನದೇ ಇದ್ದಿದ್ದರೆ ಅದು ಹಾಗೆಯೇ ಹೋಗಿಬಿಡುತ್ತಿತ್ತು.

ಹೋಗಿದ್ದರೆ ಎಷ್ಟು ನಷ್ಟ? 2022ರಿಂದ 2026ರವರೆಗಿನ ವಿಪತ್ತು ಪರಿಹಾರ ನಿಧಿಯ ಮಾನದಂಡದಲ್ಲಿ ಮಳೆಯಾಶ್ರಿತ ಬೆಳೆ ಹಾನಿಗೆ ಹೆಕ್ಟೇರಿಗೆ 8,500 ರೂಪಾಯಿ. ಎರಡೂವರೆ ಎಕರೆಗೆ ಸುಮಾರು 8,600 ಬರಬೇಕು. 2.20 ಎಂದು ದಶಮಾಂಶದಲ್ಲಿ ಹಿಡಿದರೆ 7,568. ವ್ಯತ್ಯಾಸ 1,032 ರೂಪಾಯಿ. ಉದ್ಯೋಗ ಖಾತರಿಯಲ್ಲಿ 2025–26ರ ರಾಜ್ಯದ ದಿನಗೂಲಿ 370. ಆ ಲೆಕ್ಕಕ್ಕೆ ಹೆಚ್ಚುಕಡಿಮೆ ಮೂರು ದಿನದ ಕೂಲಿ. ಒಂದು ಚೌಕದಲ್ಲಿ, ಒಬ್ಬ ರೈತನಿಗೆ.

ಆಮೇಲೆ ನಾನೂ ಡಿಸೈನರೂ ಕೂತು ಮೊದಲು ಕೇಳಿಕೊಂಡದ್ದು ‘ಇದು ಯಾರ ತಪ್ಪು’ ಎಂದೇ. ಆ ಪ್ರಶ್ನೆಗೆ ಉತ್ತರ ಸಿಗಲಿಲ್ಲ. ನಮ್ಮ ಕಸುಬಿನಲ್ಲಿ ಕೆಲಸ ಹಂಚುವ ರೂಢಿ ಸರಳವಾಗಿದೆ: ಕಣ್ಣಿಗೆ ಕಾಣುವುದು ಡಿಸೈನರಿಗೆ, ಒಳಗೆ ಓಡುವುದು ಪ್ರೋಗ್ರಾಮರಿಗೆ. 2.20 ಎಂಬುದು ಕಾಣುವುದೂ ಹೌದು, ಓಡುವುದೂ ಹೌದು. ಅದು ಗಡಿಯ ಮೇಲಿನ ಹುಣಸೆಮರದ ಹಾಗೆ. ಹಣ್ಣು ಬಿಟ್ಟಾಗ ಇಬ್ಬರದೂ, ಬೇಲಿ ಹಾಕುವಾಗ ಯಾರದೂ ಅಲ್ಲ. ಇಂಥ ಮರಗಳು ಎಷ್ಟಿವೆ ಎಂದು ಎಣಿಸಲು ಹೊರಟಾಗ ನಮಗೆ ನಿಜವಾದ ಲೆಕ್ಕ ಕಂಡಿತು.

ನಮ್ಮ ಆಪಿನಲ್ಲಿ ಇದ್ದದ್ದು 12 ಪರದೆ. ಡಿಸೈನರ್ ಕೊಟ್ಟದ್ದೂ 12 ಚಿತ್ರ. ಎರಡೂ ತಾಳೆಯಾದವು ಎಂದು ನಾವು ಸಮಾಧಾನಪಟ್ಟುಕೊಂಡಿದ್ದೆವು. ಆದರೆ ಪ್ರತಿ ಪರದೆಗೂ ಕನಿಷ್ಠ ಐದು ಸ್ಥಿತಿಗಳಿರುತ್ತವೆ. ಇನ್ನೂ ಏನೂ ತುಂಬದೆ ಖಾಲಿ ಇರುವಾಗ ಒಂದು, ಮಾಹಿತಿ ಬರುತ್ತಿರುವಾಗ ಒಂದು, ಎಲ್ಲ ಬಂದು ಕೂತಾಗ ಒಂದು, ಬಳಸುವವರು ಏನೋ ತಪ್ಪು ತುಂಬಿದಾಗ ಒಂದು, ನೆಟ್‌ವರ್ಕ್ ಹೋದಾಗ ಒಂದು. ಮಾನಂದವಾಡಿ ರಸ್ತೆಯಲ್ಲಿ ಕಾಡಿನ ಕಡೆಗೆ ಸ್ವಲ್ಪ ದೂರ ಹೋಗಿ ಮೊಬೈಲ್ ತೆಗೆದವರಿಗೆ ಈ ಐದನೆಯ ಸ್ಥಿತಿ ಅಪರೂಪದ್ದಲ್ಲ ಎಂದು ಹೇಳಿಕೊಡಬೇಕಿಲ್ಲ. 12 ಪರದೆಗೆ ಐದರಂತೆ 60. ಕನ್ನಡ, ಇಂಗ್ಲಿಷ್ ಎರಡು ಭಾಷೆ: 120. ಕೈಯಲ್ಲಿ ಹಿಡಿಯುವ ಫೋನು, ಗುಂಪಿನ ಕಚೇರಿಯ ಕಂಪ್ಯೂಟರ್, ಎರಡು ಅಗಲ: 240.

ಡಿಸೈನರ್ ಬರೆದದ್ದು ಎಲ್ಲ ಸರಿಯಿದ್ದಾಗಿನ 12. ಪ್ರೋಗ್ರಾಮರ್ ಕಟ್ಟಲೇಬೇಕಾದ್ದು 240. ಉಳಿದ 228ನ್ನು ನಿರ್ಧರಿಸಿದವರು ಯಾರು? ರಾತ್ರಿ ಹನ್ನೊಂದು ಗಂಟೆಗೆ, ಕೆಲಸ ಮುಗಿಸುವ ಆತುರದಲ್ಲಿ, ಯಾರನ್ನೂ ಕೇಳದೆ, ನಾನು. ‘ದೋಷ ಸಂಭವಿಸಿದೆ’ ಎಂಬ ಎರಡು ಪದವನ್ನು ಐದಾರು ಕಡೆ ಅಂಟಿಸಿದ್ದೂ ನಾನೇ. ಓದಿದ ರೈತ ತನ್ನಿಂದ ಏನೋ ದೋಷವಾಯಿತೆಂದು ಹೆದರುತ್ತಾನೆ ಎಂಬುದು ಆ ಹೊತ್ತಿನಲ್ಲಿ ಹೊಳೆಯಲಿಲ್ಲ.

ಹಾಗಾದರೆ 240ನ್ನೂ ಡಿಸೈನರ್ ಬರೆದುಕೊಡಬೇಕೆ? ಬೇಡ, ಅದು ವ್ಯರ್ಥ. ಭಾಷೆ ಮತ್ತು ಅಗಲಕ್ಕೆ ಒಂದು ಸಲ ನಿಯಮ ಮಾಡಿಕೊಂಡರೆ ಸಾಕು. ನಿಜಕ್ಕೂ ಕೂತು ಮಾತಾಡಬೇಕಾದವು 60 ಸ್ಥಿತಿಗಳು. ಒಂದೊಂದಕ್ಕೆ 15 ನಿಮಿಷ ಹಿಡಿಯಿರಿ: 15 ಗಂಟೆ. ಇಬ್ಬರು ಕೂರುವುದರಿಂದ 30 ಗಂಟೆಯ ಕೂಲಿ. ಈ ಮಾತುಕತೆ ಬೇಡ ಎಂದು ಬಿಟ್ಟರೆ, ಚಿತ್ರದಲ್ಲಿದ್ದ 12 ಕಳೆದು 48 ಸ್ಥಿತಿಗಳು ಪ್ರೋಗ್ರಾಮರನ ಊಹೆಗೆ ಬೀಳುತ್ತವೆ. ಊಹೆ ತಪ್ಪಾದ ಒಂದೊಂದನ್ನೂ ಆಮೇಲೆ ಸರಿಮಾಡಲು ಪ್ರೋಗ್ರಾಮರಿಗೆ 3 ಗಂಟೆ, ಡಿಸೈನರಿಗೆ 1, ಪರೀಕ್ಷೆ ಮಾಡುವವರಿಗೆ 1, ಒಟ್ಟು 5 ಗಂಟೆ ಎಂದು ನನ್ನ ಅನುಭವದ ಅಂದಾಜು ಇಟ್ಟುಕೊಳ್ಳುತ್ತೇನೆ. ಗಂಟೆಗೆ 500 ರೂಪಾಯಿ ಎಂದರೆ ಮೊದಲೇ ಕೂತು ಮಾತಾಡಲು 15,000. ಮಾತಾಡದೆ ಮೂರಕ್ಕೆ ಒಂದು ತಪ್ಪಾದರೆ 16 ತಪ್ಪು, 80 ಗಂಟೆ, 40,000. ಅಷ್ಟು ಆಗುವುದಿಲ್ಲ, ಐದಕ್ಕೆ ಒಂದು ಎಂದು ನೀವು ವಾದಿಸಿದರೂ ಸುಮಾರು 10 ತಪ್ಪು, 25,000.

ಎರಡೂ ಸಮ ಆಗುವುದು ಎಲ್ಲಿ? ಆರು ತಪ್ಪಿಗೆ. ಆರೈದಲೆ ಮೂವತ್ತು ಗಂಟೆ. 48ರಲ್ಲಿ 6, ಅಂದರೆ ಎಂಟಕ್ಕೆ ಒಂದು. ಗಂಟೆಯ ದರ 500 ಇರಲಿ, 2,000 ಇರಲಿ, ಈ ಎಂಟಕ್ಕೆ ಒಂದರ ಗೆರೆ ಕದಲುವುದಿಲ್ಲ. ಎಂಟು ಊಹೆಯಲ್ಲಿ ಏಳಕ್ಕಿಂತ ಹೆಚ್ಚು ಸರಿ ಹೊಡೆಯುವ ಪ್ರೋಗ್ರಾಮರ್ ನಿಮ್ಮಲ್ಲಿದ್ದರೆ ಮಾತುಕತೆಗೆ ಖರ್ಚು ಮಾಡಬೇಡಿ. ನಾನು ಅಂಥವನಲ್ಲ, ಅಂಥವರನ್ನು ಕಂಡೂ ಇಲ್ಲ.

ಪರದೆಯ ಕೆಲಸವನ್ನು ಮೇಲಿನ ಬಣ್ಣದ ಕೆಲಸ ಎಂದು ಎಣಿಸುವ ರೂಢಿಗೆ ಎದುರಾಗಿ ಒಂದು ಹಳೆಯ ಸಮೀಕ್ಷೆಯ ಅಂಕಿಗಳಿವೆ. 1992ರಲ್ಲಿ ಬ್ರಾಡ್ ಮೈಯರ್ಸ್ ಮತ್ತು ಮೇರಿ ಬೆತ್ ರಾಸನ್ ತಂತ್ರಾಂಶ ಬರೆಯುವ 74 ಮಂದಿಯಿಂದ ಉತ್ತರ ಪಡೆದರು. ಒಟ್ಟು ಕೋಡಿನ ಸರಾಸರಿ 48 ಶೇಕಡಾ ಪರದೆಯ ಭಾಗಕ್ಕೇ ಹೋಗಿತ್ತು. ವಿನ್ಯಾಸದ ಹಂತದ ಸಮಯದಲ್ಲಿ 45, ಬರೆಯುವ ಹಂತದಲ್ಲಿ 50, ಆಮೇಲಿನ ದುರಸ್ತಿಯಲ್ಲಿ 37 ಶೇಕಡಾ. ಮೊಬೈಲ್ ಫೋನಿನ ಆಪ್ ಎಂಬುದೇ ಹುಟ್ಟದ ಕಾಲದಲ್ಲಿ ಅರ್ಧ ಕೆಲಸ ಪರದೆಯದಾಗಿತ್ತು.

ಅರ್ಧ ಕೆಲಸ ಪರದೆಯದಾದರೆ ಆಳುಗಳ ಹಂಚಿಕೆ ಹೇಗಿತ್ತು? ಐಬಿಎಂ ಕಂಪನಿ 2012ರ ಹೊತ್ತಿಗೆ 72 ಪ್ರೋಗ್ರಾಮರಿಗೆ ಒಬ್ಬ ಡಿಸೈನರ್ ಎಂಬ ಸ್ಥಿತಿಯಲ್ಲಿತ್ತು. ಅಲ್ಲಿಂದ ಮುಂದೆ ಅದು ಎಂಟಕ್ಕೆ ಒಬ್ಬರು ಎಂಬ ಗುರಿ ಇಟ್ಟುಕೊಂಡು ಡಿಸೈನರುಗಳನ್ನು ಸೇರಿಸಿಕೊಂಡಿತು. ವಾರಕ್ಕೆ 40 ಗಂಟೆ, ಅಂದರೆ 2,400 ನಿಮಿಷ. 72 ಮಂದಿಗೆ ಹಂಚಿದರೆ ತಲೆಗೆ 33 ನಿಮಿಷ. ಅಷ್ಟರಲ್ಲಿ ಚಿತ್ರ ಬರೆದು ಎಸೆಯಬಹುದೇ ಹೊರತು ‘ನೆಟ್‌ವರ್ಕ್ ಹೋದಾಗ ಏನು ತೋರಿಸಲಿ’ ಎಂದು ಕೇಳುವ ಪ್ರೋಗ್ರಾಮರಿಗೆ ಉತ್ತರ ಹೇಳಲಾಗುವುದಿಲ್ಲ. ಎಂಟು ಮಂದಿಗೆ ಹಂಚಿದರೆ ತಲೆಗೆ 5 ಗಂಟೆ. ಈ ಐದು ಗಂಟೆಯಲ್ಲಿ, ಮೇಲೆ ಹೇಳಿದ 15 ನಿಮಿಷದ ಲೆಕ್ಕಕ್ಕೆ, 20 ಸ್ಥಿತಿಗಳ ಮಾತು ಮುಗಿಯುತ್ತದೆ.

ಇಷ್ಟು ದೊಡ್ಡ ಕಂಪನಿಯ ಮಾತು ಬಿಟ್ಟು ನಮ್ಮದೇ ನೆಲಕ್ಕೆ ಬರುತ್ತೇನೆ. ಕರ್ನಾಟಕದಲ್ಲಿ ಅತಿ ಹೆಚ್ಚು ರೈತರು ಎದುರುಗೊಂಡ ಪರದೆ ಯಾವುದು ಎಂದರೆ ಬಹುಶಃ ‘ಭೂಮಿ’ ಯೋಜನೆಯದು. ಎರಡು ಸಾವಿರದ ಇಸವಿಯ ಆಸುಪಾಸಿನಲ್ಲಿ ಐಎಎಸ್ ಅಧಿಕಾರಿ ರಾಜೀವ್ ಚಾವ್ಲಾ ಅವರ ಮುಂದಾಳತ್ವದಲ್ಲಿ, ರಾಷ್ಟ್ರೀಯ ಮಾಹಿತಿ ಕೇಂದ್ರದವರು ಬರೆದ ತಂತ್ರಾಂಶದಲ್ಲಿ, ಸುಮಾರು 67 ಲಕ್ಷ ಭೂಮಾಲೀಕರ ಸುಮಾರು 2 ಕೋಟಿ ಪಹಣಿ ಕಂಪ್ಯೂಟರಿಗೆ ಏರಿದವು. 177 ತಾಲ್ಲೂಕು ಕೇಂದ್ರಗಳಲ್ಲಿ 15 ರೂಪಾಯಿ ಕೊಟ್ಟರೆ ಪಹಣಿ ಕೈಗೆ ಬರುತ್ತಿತ್ತು.

ಆ ಕೇಂದ್ರಗಳ ಒಂದು ಏರ್ಪಾಡು ನನಗೆ ಇವತ್ತಿಗೂ ಬಹಳ ಮೆಚ್ಚುಗೆ. ಕಿಟಕಿಯ ಒಳಗೆ ಕೂತ ಆಪರೇಟರ್ ಮುಂದೆ ಒಂದು ಪರದೆ ಇದ್ದರೆ, ಹೊರಗೆ ನಿಂತ ರೈತನ ಕಡೆಗೆ ತಿರುಗಿದ ಎರಡನೆಯ ಪರದೆ ಇರುತ್ತಿತ್ತು. ಒಳಗೆ ಏನು ತೆರೆಯುತ್ತಿದ್ದಾರೆ, ಯಾವ ಹೆಸರು ಬರುತ್ತಿದೆ ಎಂಬುದು ಹೊರಗಿನವರಿಗೂ ಕಾಣುತ್ತಿತ್ತು. ತಾಂತ್ರಿಕವಾಗಿ ನೋಡಿದರೆ ಅದರಲ್ಲಿ ಏನೂ ಇಲ್ಲ. ಅದೇ ಚಿತ್ರವನ್ನು ಇನ್ನೊಂದು ಮಾನಿಟರಿಗೆ ಕೊಟ್ಟದ್ದು ಅಷ್ಟೆ. ಹೊಸ ಕೋಡ್ ಬೇಕಿಲ್ಲ, ಹೊಸ ಬಣ್ಣ ಬೇಕಿಲ್ಲ. ಖರ್ಚು ತಾಲ್ಲೂಕಿಗೆ ಒಂದು ಹೆಚ್ಚುವರಿ ಮಾನಿಟರ್, 177 ಕಡೆ. ಇದನ್ನು ಡಿಸೈನರ್ ಕೆಲಸ ಎನ್ನಬೇಕೋ ಪ್ರೋಗ್ರಾಮರ್ ಕೆಲಸ ಎನ್ನಬೇಕೋ? ರೈತ ಎಲ್ಲಿ ನಿಂತಿರುತ್ತಾನೆ ಎಂದು ಯೋಚಿಸಿದವರ ಕೆಲಸ. ಶತಮಾನಗಟ್ಟಲೆ ಶಾನುಭೋಗರ ಬೆನ್ನಿಗೆ ಮುಚ್ಚಿಕೊಂಡಿದ್ದ ಪುಸ್ತಕ ಅಲ್ಲಿ ಈ ಕಡೆ ತಿರುಗಿತು.

ಇಷ್ಟು ಜನ ನೋಡುವ ಪರದೆಯಲ್ಲಿ ಸಣ್ಣದೂ ಸಣ್ಣದಾಗಿ ಉಳಿಯುವುದಿಲ್ಲ. 67 ಲಕ್ಷ ಮಂದಿ ವರ್ಷಕ್ಕೆ ಒಂದೇ ಸಲ ಒಂದು ಪರದೆಯ ಮುಂದೆ 10 ಸೆಕೆಂಡು ಹೆಚ್ಚಿಗೆ ನಿಂತರು ಎನ್ನಿ. 6 ಕೋಟಿ 70 ಲಕ್ಷ ಸೆಕೆಂಡು, 18,611 ಗಂಟೆ, ದಿನಕ್ಕೆ ಎಂಟು ಗಂಟೆಯ ದುಡಿಮೆಯಂತೆ 2,326 ದಿನ. ಸಾವಿರಕ್ಕೆ ಒಬ್ಬರು ಮಾತ್ರ ಅರ್ಥವಾಗದೆ ಒಂದು ದಿನದ ಕೂಲಿ ಬಿಟ್ಟು ಮತ್ತೆ ಬಂದರು ಎನ್ನಿ: 6,700 ಮಂದಿ, ತಲಾ 370, ಒಟ್ಟು 24 ಲಕ್ಷ 79 ಸಾವಿರ ರೂಪಾಯಿ. ಪರದೆ ಕಟ್ಟಿಸಿದವರ ಬಜೆಟ್ಟಿನಲ್ಲಿ ಈ ಹಣ ಎಲ್ಲೂ ಕಾಣುವುದಿಲ್ಲ, ಏಕೆಂದರೆ ಅದನ್ನು ತೆರುವವರು ಬೇರೆ.

ಪಹಣಿಯಿಂದ ನಾನು ಕಲಿತ ಇನ್ನೊಂದು ಪಾಠವಿದೆ. ನಮ್ಮ ಡಿಸೈನರ್ ಪಹಣಿ ತೋರಿಸುವ ಪುಟವನ್ನು ಚೊಕ್ಕಟ ಮಾಡಲು ಹೋಗಿ ಕಾಲಂ ನಂಬರುಗಳನ್ನು ತೆಗೆದಿದ್ದರು. ಹೆಸರು ಬರೆದಿರುವಾಗ ನಂಬರು ಯಾಕೆ ಎಂಬುದು ಅವರ ವಾದ, ನನಗೂ ಸರಿಯೆನಿಸಿತ್ತು. ಆ ಪುಟವನ್ನು ಪ್ರಿಂಟ್ ಹಾಕಿಸಿಕೊಂಡು ಅಂತರಸಂತೆಗೆ ಹೋದೆವು. ಚಹಾದಂಗಡಿಯ ಬೆಂಚಿನ ಮೇಲೆ ಕೂತಿದ್ದ ಯಜಮಾನರೊಬ್ಬರ ಕೈಗೆ ಕೊಟ್ಟೆವು. ಕನ್ನಡಕ ಏರಿಸಿ ಮೇಲಿಂದ ಕೆಳಗೆ ಎರಡು ಸಲ ಬೆರಳಾಡಿಸಿದರು.

‘ಹನ್ನೊಂದ್ ಎಲ್ಲದೆ ಕಣಪ್ಪ?’

‘ಇಲ್ಲೇ ಇದೆಯಲ್ಲ ಯಜಮಾನ್ರೇ, ಇತರೆ ಹಕ್ಕುಗಳು ಮತ್ತು ಋಣಗಳು ಅಂತ.’

‘ಅದ್ಯಾವ್ದೋ ಕಾಣೆ. ಸೊಸೈಟಿ ಸಾಲ ತೀರ್ಸಿವ್ನಿ. ಹನ್ನೊಂದ್ರಲ್ಲಿ ಇನ್ನೂ ಕೂತದಾ, ಹೋಗದಾ, ಅದ್ನ ನೋಡ್ಬೇಕು ನಾನು.’

ಸ್ವಾಧೀನದಾರರ ಹೆಸರು ಒಂಬತ್ತರಲ್ಲಿ, ಸಾಲ ಹನ್ನೊಂದರಲ್ಲಿ, ಸಾಗುವಳಿ ಮಾಡುವವರು ಮತ್ತು ಬೆಳೆ ಹನ್ನೆರಡರಲ್ಲಿ. ಹಳ್ಳಿಗಳಲ್ಲಿ ಈ ಅಂಕಿಗಳೇ ಹೆಸರು. ಬ್ಯಾಂಕಿನವರೂ ವಕೀಲರೂ ಗ್ರಾಮ ಆಡಳಿತಾಧಿಕಾರಿಗಳೂ ಹೀಗೇ ಮಾತಾಡುತ್ತಾರೆ. ನಾವು ಎರಡು ಅಂಕೆಯನ್ನು ತೆಗೆದು ನಾಲ್ಕು ಪದ ಇಟ್ಟೆವು. ಆ ಯಜಮಾನರಿಗೆ ಪುಟ ಖಾಲಿಯಾಯಿತು. ಹಿಂದಿರುಗುವಾಗ ಬಸ್ಸಿನಲ್ಲೇ ಡಿಸೈನರ್ ನಂಬರುಗಳನ್ನು ಮತ್ತೆ ಬರೆದರು, ಮೊದಲಿಗಿಂತ ದಪ್ಪಕ್ಷರದಲ್ಲಿ.

ಬರಿಯ ಅಂಕಿ ಎಷ್ಟು ಹೇಳುತ್ತದೆ ಎಂಬುದಕ್ಕೆ ಕಬಿನಿಯ ಲೆಕ್ಕವನ್ನೂ ನೋಡಿ. ಬೀಚನಹಳ್ಳಿಯ ಜಲಾಶಯದ ಗರಿಷ್ಠ ಮಟ್ಟ 2,284 ಅಡಿ, ಸಾಮರ್ಥ್ಯ 19.52 ಟಿಎಂಸಿ. ಮಳೆಗಾಲದ ಪತ್ರಿಕೆಯ ಮೂಲೆಯಲ್ಲಿ ಗರಿಷ್ಠ ಮಟ್ಟ, ಇಂದಿನ ಮಟ್ಟ, ಒಳಹರಿವು, ಹೊರಹರಿವು ಎಂಬ ನಾಲ್ಕು ಅಂಕಿಗಳನ್ನು ಪಕ್ಕಪಕ್ಕ ಹಾಕುತ್ತಾರೆ. ಚಿತ್ರವಿಲ್ಲ, ಬಣ್ಣವಿಲ್ಲ. ಆ ನಾಲ್ಕನ್ನು ನೋಡಿದ ನದಿ ಕೆಳಗಿನ ಊರಿನವನು ಪಂಪ್‌ಸೆಟ್ ಮೇಲೆತ್ತಬೇಕೇ ಬೇಡವೇ ಎಂದು ತೀರ್ಮಾನಿಸುತ್ತಾನೆ. ಇಂದಿನ ಅಂಕಿಯ ಪಕ್ಕದಲ್ಲೇ ಗರಿಷ್ಠ ಅಂಕಿ ಇರಬೇಕೆಂಬ ತಿಳಿವಳಿಕೆಗೆ ಪರದೆಯ ಕೆಲಸದಲ್ಲಿ ತುಂಬ ಬೆಲೆ.

ಕನ್ನಡದ ಅಕ್ಷರಗಳ ವಿಷಯಕ್ಕೆ ಬಂದರೆ ಹಂಚಿಕೆಯ ಬಿರುಕು ಇನ್ನೂ ಅಗಲವಾಗುತ್ತದೆ. ಹೆಗ್ಗಡದೇವನಕೋಟೆ: ಓದುವವರ ಕಣ್ಣಿಗೆ 8 ಅಕ್ಷರ. ಯೂನಿಕೋಡಿನಲ್ಲಿ ಅಕ್ಷರ, ಸ್ವರಚಿಹ್ನೆ, ಹಲಂತಚಿಹ್ನೆಗಳನ್ನು ಬಿಡಿಸಿ ಎಣಿಸಿದರೆ 14 ಸಂಕೇತ. ಯುಟಿಎಫ್-8ರಲ್ಲಿ ಸಂಕೇತಕ್ಕೆ 3 ಬೈಟಿನಂತೆ 42 ಬೈಟ್. ಡಿಸೈನರ್ ಎಣಿಸುವುದು 8, ಪ್ರೋಗ್ರಾಮ್ ಎಣಿಸುವುದು 14, ಡೇಟಾಬೇಸ್ ಎಣಿಸುವುದು ಕೆಲವು ಸಲ 42. ‘20 ಅಕ್ಷರ ಸಾಕು’ ಎಂದು ಯಾರಾದರೂ ಒಪ್ಪಿಕೊಂಡರೆ ಒಬ್ಬೊಬ್ಬರು ಒಂದೊಂದನ್ನು ಒಪ್ಪಿಕೊಂಡಿರುತ್ತಾರೆ. ‘ಹೆಗ್ಗಡದೇವನಕೋಟೆ ತಾಲ್ಲೂಕು’ ಎಂಬುದಕ್ಕೆ 23 ಸಂಕೇತ ಬೇಕು. 20ಕ್ಕೆ ಕತ್ತರಿಸಿದರೆ ಪರದೆಯ ಮೇಲೆ ಉಳಿಯುವುದು ‘ಹೆಗ್ಗಡದೇವನಕೋಟೆ ತಾಲ್ಲ’. ‘ಎಚ್.ಡಿ. ಕೋಟೆ’ ಎಂದು ಚಿಕ್ಕದು ಮಾಡೋಣವೆಂದರೆ 12 ಸಂಕೇತ; ಹೆಸರು ಮುರಿದು ಉಳಿಸಿದ್ದು ಎರಡೇ ಎರಡು.

ಎಸ್ಸೆಮ್ಮೆಸ್‌ನಲ್ಲಿ ಇದಕ್ಕೆ ನೇರವಾಗಿ ದುಡ್ಡು ತೆರಬೇಕು. ಇಂಗ್ಲಿಷಿನಲ್ಲಿ ಒಂದು ಸಂದೇಶಕ್ಕೆ 160 ಅಕ್ಷರ, ಕನ್ನಡದಲ್ಲಿ 70 ಸಂಕೇತ. ‘ನಿಮ್ಮ ಅರ್ಜಿ ಸ್ವೀಕರಿಸಲಾಗಿದೆ. ಹೆಗ್ಗಡದೇವನಕೋಟೆ ತಾಲ್ಲೂಕು, ಅಂತರಸಂತೆ ಹೋಬಳಿ’ ಎಂಬ ಮಾತಿಗೇ 67 ಮುಗಿಯುತ್ತದೆ. ಉಳಿದ ಮೂರರಲ್ಲಿ ಅರ್ಜಿಯ ಸಂಖ್ಯೆ ಹಿಡಿಸುವುದಿಲ್ಲ. ಸಂದೇಶ ಎರಡಾಗುತ್ತದೆ, ಖರ್ಚೂ ಎರಡರಷ್ಟು. ಈ 70ರ ಮಿತಿ ಪ್ರೋಗ್ರಾಮರಿಗೆ ಗೊತ್ತು, ವಾಕ್ಯ ಬರೆಯುವವರಿಗೆ ಗೊತ್ತಿಲ್ಲ. ‘ಅರ್ಜಿ ತಲುಪಿದೆ’ ಎಂದರೆ ಸಾಕು, ಊರಿನ ಹೆಸರು ಅರ್ಜಿ ಹಾಕಿದವರಿಗೆ ಗೊತ್ತೇ ಇದೆ ಎಂಬುದು ವಾಕ್ಯ ಬರೆಯುವವರಿಗೆ ಹೊಳೆಯುತ್ತದೆ, ಮಿತಿಯನ್ನು ಮೊದಲೇ ಹೇಳಿದ್ದರೆ.

ಒತ್ತಕ್ಷರದ್ದು ಇದೇ ಕಥೆ. ಅಕ್ಷರದ ಗಾತ್ರ 16 ಪಿಕ್ಸೆಲ್ ಇದ್ದು ಸಾಲಿನ ಎತ್ತರವನ್ನು ಇಂಗ್ಲಿಷಿಗೆ ಸಾಕಾಗುವ 1.2 ಪಟ್ಟು ಇಟ್ಟರೆ 19.2 ಪಿಕ್ಸೆಲ್. ಇಕ್ಕಟ್ಟಿನ ಬಟನ್ನಿನಲ್ಲಿ ಕೆಳಗಿನ ಒತ್ತು ಕತ್ತರಿಸಿಹೋಗಿ ‘ಸಲ್ಲಿಸಿ’ ಎಂಬುದು ‘ಸಲಿಸಿ’ಯಾಗುತ್ತದೆ, ‘ಒಪ್ಪಿಗೆ’ ‘ಒಪಿಗೆ’ಯಾಗುತ್ತದೆ. 1.5 ಪಟ್ಟು ಮಾಡಿದರೆ 24 ಪಿಕ್ಸೆಲ್. ಸಾಲಿಗೆ 4.8ರಂತೆ ಹತ್ತು ಸಾಲಿಗೆ 48 ಪಿಕ್ಸೆಲ್, ಸರಿಯಾಗಿ ಒಂದು ಬಟನ್ನಿನ ಎತ್ತರ. ಇಂಗ್ಲಿಷಿನಲ್ಲಿ ಬರೆದ ಚಿತ್ರವನ್ನು ಆಮೇಲೆ ಕನ್ನಡಕ್ಕೆ ತಿರುಗಿಸಿದಾಗ ಕೆಳಗಿನ ಬಟನ್ ಪರದೆಯಿಂದ ಆಚೆ ಬೀಳುವುದು ಇದೇ 48ರಿಂದ. ಚಿತ್ರವನ್ನು ಕನ್ನಡದಲ್ಲೇ ಮೊದಲು ಬರೆದರೆ ಈ ಖರ್ಚು ಸೊನ್ನೆ. ಇದರಲ್ಲಿ ನಾನು ರಾಜಿಯಾಗುವುದಿಲ್ಲ. ಕನ್ನಡಿಗರಿಗೆ ಕಟ್ಟುವ ಪರದೆಯ ಮೊದಲ ಗೆರೆ ಕನ್ನಡದ ಅಕ್ಷರದ ಸುತ್ತಲೇ ಬೀಳಬೇಕು.

ಎಲ್ಲ ತಿಳಿವಳಿಕೆಯೂ ಡಿಸೈನರ್ ಕಡೆಯಿಂದಲೇ ಬರಬೇಕೆಂದು ಇದರ ಅರ್ಥ ಮಾಡಿಕೊಳ್ಳಬಾರದು. ಪಹಣಿ ಹುಡುಕುವಾಗ ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮ ಎಂದು ನಾಲ್ಕು ಪಟ್ಟಿ ಇಳಿಯಬೇಕು. ಸರ್ವೆ ನಂಬರು ಬರೆದ ಮೇಲೆ ಸರ್ನಾಕ್, ಹಿಸ್ಸಾ ಎಂಬ ಒಳವಿಭಾಗಗಳ ಇನ್ನೆರಡು ಪಟ್ಟಿ. ಕಾರ್ಡ್, ಮೊರಾನ್, ನ್ಯೂವೆಲ್ ಎಂಬ ಮೂವರು 1980ರಲ್ಲಿ ಕೊಟ್ಟ ಅಳತೆ ಇಂದಿಗೂ ಕೆಲಸಕ್ಕೆ ಬರುತ್ತದೆ: ಮನಸ್ಸಿನಲ್ಲಿ ತೀರ್ಮಾನಿಸಲು 1.35 ಸೆಕೆಂಡು, ಮೌಸ್ ಒಯ್ದು ಗುರಿಯಿಡಲು 1.1, ಒತ್ತಲು 0.2. ಒಂದು ಪಟ್ಟಿಯನ್ನು ತೆರೆದು, ಒಂದನ್ನು ಆರಿಸಲು ಇವು ಮೂರೂ ಎರಡೆರಡು ಸಲ: 5.3 ಸೆಕೆಂಡು. ಆರು ಪಟ್ಟಿಗೆ 31.8. ಹೋಬಳಿ ಮಟ್ಟದ ಕಚೇರಿಯಲ್ಲಿ ಕೂತವರಿಗೆ ಜಿಲ್ಲೆ, ತಾಲ್ಲೂಕು, ಹೋಬಳಿ ಮೂರೂ ಇಡೀ ದಿನ ಬದಲಾಗುವುದಿಲ್ಲ. ಹಿಂದಿನ ಸಲ ಆರಿಸಿದ್ದನ್ನು ನೆನಪಿಟ್ಟುಕೊಳ್ಳುವ ನಾಲ್ಕೈದು ಸಾಲಿನ ಕೋಡ್ ಬರೆದರೆ ಒಂದು ಅರ್ಜಿಗೆ 15.9 ಸೆಕೆಂಡು ಮಿಗುತ್ತದೆ. ನೂರು ಅರ್ಜಿಗೆ 26 ನಿಮಿಷ 30 ಸೆಕೆಂಡು. ಇದು ಎಷ್ಟು ಸುಲಭ ಎಂದು ಗೊತ್ತಿರುವುದು ಪ್ರೋಗ್ರಾಮರಿಗೆ. ಚಿತ್ರದಲ್ಲಿ ಇಲ್ಲವೆಂದು ಅವನು ಬಾಯಿ ಮುಚ್ಚಿಕೊಂಡಿದ್ದರೆ ಆ 26 ನಿಮಿಷ ದಿನವೂ ಸರದಿಯಲ್ಲಿ ನಿಂತವರ ತಲೆಯ ಮೇಲೆ.

ಸರ್ನಾಕ್ ಎಂದೆನಲ್ಲ, ಆ ಪಟ್ಟಿಯನ್ನು ತೆರೆದರೆ ಎಷ್ಟೋ ಸಲ ಬರುವುದು ಒಂದೇ ಒಂದು ನಕ್ಷತ್ರಚಿಹ್ನೆ. ಅದನ್ನೇ ಆರಿಸಬೇಕು. ಬೇರೆ ಫಾರಂಗಳಲ್ಲಿ ಅದೇ ಚಿಹ್ನೆ ಕೆಂಪು ಬಣ್ಣದಲ್ಲಿ ಬಂದು ‘ಇದನ್ನು ತುಂಬಲೇಬೇಕು’ ಎನ್ನುತ್ತದೆ. ಒಂದು ಕಡೆ ಅದು ಉತ್ತರ, ಇನ್ನೊಂದು ಕಡೆ ಅಪ್ಪಣೆ.

ಈ ಕೆಂಪು ನಕ್ಷತ್ರದ ಬಗ್ಗೆ ನನಗೆ ಇರುವ ಕಳವಳ ಬೇರೆ ಯಾವುದರ ಬಗ್ಗೆಯೂ ಇಲ್ಲ. ಕೋಟೆ ತಾಲ್ಲೂಕಿನ ಕಾಡಂಚಿನ ಹಾಡಿಗಳಲ್ಲಿ ಜೇನುಕುರುಬರಿದ್ದಾರೆ. ರಾಜ್ಯದಲ್ಲಿ ವಿಶೇಷ ದುರ್ಬಲ ಬುಡಕಟ್ಟು ಎಂದು ಗುರುತಿಸಿರುವುದು ಎರಡನ್ನೇ, ಜೇನುಕುರುಬ ಮತ್ತು ಕೊರಗ. ನಾಗರಹೊಳೆಯ ಕಾಡಿನಿಂದ ಹೊರಗೆ ಬಂದ ಕುಟುಂಬಗಳಿವೆ, ಕಬಿನಿಯ ಹಿನ್ನೀರಿಗೆ ಊರು ಬಿಟ್ಟವರಿದ್ದಾರೆ. 2006ರ ಅರಣ್ಯ ಹಕ್ಕು ಕಾಯ್ದೆಯಡಿ ಹಕ್ಕುಪತ್ರಕ್ಕೆ ಕಾದವರಿದ್ದಾರೆ. ಇಂಥವರ ಮುಂದೆ ‘ಸರ್ವೆ ನಂಬರ್’ ಎಂಬ ಚೌಕಕ್ಕೆ ಕೆಂಪು ನಕ್ಷತ್ರ ಹಾಕಿದ ಫಾರಂ ಇಟ್ಟರೆ ಮುಂದಿನ ಪುಟ ತೆರೆಯುವುದೇ ಇಲ್ಲ. ಆ ನಕ್ಷತ್ರ ಎಲ್ಲಿಂದ ಹುಟ್ಟುತ್ತದೆ ಗೊತ್ತೇ? ಡೇಟಾಬೇಸ್ ಕಟ್ಟುವಾಗ ‘ಈ ಕಾಲಂ ಖಾಲಿ ಬಿಡುವಂತಿಲ್ಲ’ ಎಂದು ಪ್ರೋಗ್ರಾಮರ್ ಒಂದು ಗುರುತು ಹಾಕುತ್ತಾನೆ, ಲೆಕ್ಕ ಚೊಕ್ಕಟವಾಗಿರಲಿ ಎಂದು. ಡಿಸೈನರ್ ಅದನ್ನು ನೋಡಿ ಚಿತ್ರದಲ್ಲಿ ಕೆಂಪು ನಕ್ಷತ್ರ ಇಡುತ್ತಾರೆ. ಸರ್ವೆ ನಂಬರ್ ಇಲ್ಲದ ಜಮೀನೂ ಜಮೀನೇ ಎಂದು ಇಬ್ಬರಲ್ಲಿ ಯಾರೂ ಹೇಳಿಲ್ಲ, ಯಾಕೆಂದರೆ ಅದು ಇಬ್ಬರ ಪಾಲಿಗೂ ಬಂದಿರಲಿಲ್ಲ. ನಮ್ಮ ಆಪಿನಲ್ಲಿ ಒಂದೊಂದು ನಕ್ಷತ್ರಕ್ಕೂ ‘ಇದು ಇಲ್ಲದವರು ಯಾರು’ ಎಂಬ ಪ್ರಶ್ನೆ ಹಾಕಿಕೊಂಡ ಮೇಲೆ ಅರ್ಧಕ್ಕಿಂತ ಹೆಚ್ಚನ್ನು ಕಿತ್ತುಹಾಕಿದೆವು. ಒಂದೂ ತೊಂದರೆಯಾಗಲಿಲ್ಲ.

ಇದನ್ನೆಲ್ಲ ಮೊದಲೇ ಕಂಡುಹಿಡಿಯಲು ದೊಡ್ಡ ಸಮೀಕ್ಷೆ ಬೇಕೇ? ಬೇಡ. ಜೇಕಬ್ ನೀಲ್ಸನ್ ಮತ್ತು ಥಾಮಸ್ ಲ್ಯಾಂಡವರ್ 1993ರಲ್ಲಿ ಇದಕ್ಕೊಂದು ಲೆಕ್ಕ ಕಟ್ಟಿಕೊಟ್ಟರು. ಅವರು ನೋಡಿದ ಯೋಜನೆಗಳಲ್ಲಿ ಒಬ್ಬ ಬಳಕೆದಾರ ಒಟ್ಟು ತೊಡಕುಗಳ ಸರಾಸರಿ 31 ಶೇಕಡಾ ತೋರಿಸಿಕೊಡುತ್ತಿದ್ದ. ಮೂವರನ್ನು ಕೂರಿಸಿ ನೋಡಿದರೆ 67 ಶೇಕಡಾ, ಐವರಾದರೆ 84. ಆದರೆ ಐವರೂ ಒಂದೇ ಬಗೆಯವರಾಗಿದ್ದರೆ ಈ ಲೆಕ್ಕ ಅಂತರಸಂತೆಗೆ ಸಾಲದು. ಹೊಗೆಸೊಪ್ಪು ಬೆಳೆಯುವವರನ್ನೇ ತಗೊಳ್ಳಿ. ಸೊಪ್ಪು ಮುರಿಯುವ ದಿನಗಳಲ್ಲಿ ಬೆರಳಿಗೆ ಕಪ್ಪಗೆ ಅಂಟು ಹಿಡಿದಿರುತ್ತದೆ, ಪರದೆ ಮುಟ್ಟಿದ್ದು ಒಂದು, ತೆರೆದದ್ದು ಇನ್ನೊಂದು. ಗುಂಪಿನ ಲೆಕ್ಕ ಬರೆಯುವ ಸ್ತ್ರೀಶಕ್ತಿ ಸಂಘದ ಹೆಣ್ಣುಮಕ್ಕಳು ಅಂಕಿಗಳನ್ನು ನಮಗಿಂತ ಚುರುಕಾಗಿ ಓದುತ್ತಾರೆ. ಹಾಡಿಯವರ ತೊಡಕು ಇವೆರಡೂ ಅಲ್ಲ. ಮೂರು ಬಗೆ, ಬಗೆಗೆ ಮೂವರು, ಒಂಬತ್ತು ಮಂದಿ. ಅವರ ದಿನಗೂಲಿಯನ್ನು ಕೊಟ್ಟೇ ಕರೆಯಬೇಕು, ಅದು ನ್ಯಾಯ: 3,330 ರೂಪಾಯಿ. ಡಿಸೈನರ್, ಪ್ರೋಗ್ರಾಮರ್ ಇಬ್ಬರ ಒಂದು ದಿನದ 16 ಗಂಟೆ, ಹಳೆಯ ದರದಲ್ಲೇ 8,000. ಒಟ್ಟು 11,330, ಬಸ್ ಚಾರ್ಜು ಬೇರೆ. 24 ಲಕ್ಷ 79 ಸಾವಿರದ ಪಕ್ಕದಲ್ಲಿ ಇದನ್ನಿಟ್ಟು ನೋಡಿ.

ಇಬ್ಬರೂ ಹೋಗಬೇಕೆಂಬುದು ಮುಖ್ಯ. ಡಿಸೈನರ್ ಒಬ್ಬರೇ ಹೋಗಿ ಬಂದು ವರದಿ ಬರೆದರೆ ಪ್ರೋಗ್ರಾಮರ್ ಅದನ್ನು ಇನ್ನೊಂದು ಕೆಲಸದ ಪಟ್ಟಿ ಎಂದು ಓದುತ್ತಾನೆ. ಆ ಯಜಮಾನರ ಬೆರಳು ಪುಟದ ಮೇಲೆ ಹನ್ನೊಂದನ್ನು ಹುಡುಕುತ್ತಾ ಎರಡು ಸಲ ಕೆಳಗಿಳಿದದ್ದನ್ನು ನಾನು ಪಕ್ಕದಲ್ಲಿ ಕೂತು ನೋಡಿರದಿದ್ದರೆ, ‘ಕಾಲಂ ಸಂಖ್ಯೆ ಮರಳಿ ಸೇರಿಸುವುದು’ ಎಂಬ ಸಾಲು ನನ್ನ ಪಟ್ಟಿಯಲ್ಲಿ ಕೊನೆಗೆ ಹೋಗುತ್ತಿತ್ತು.

ಈಗ ನಾವು ಕೆಲಸ ಹಂಚುವುದು ಒಂದು ಹಾಳೆಯ ಮೇಲೆ. 60 ಸ್ಥಿತಿಗೆ 60 ಸಾಲು. ಯಾವ ಪರದೆ, ಯಾವ ಸ್ಥಿತಿ, ಏನು ತೋರಬೇಕು, ಯಾರು ತೀರ್ಮಾನಿಸಿದರು, ಯಾರ ಮುಂದೆ ಇಟ್ಟು ನೋಡಿದೆವು ಎಂದು ಐದು ಕಾಲಂ. ಚಿತ್ರ ಬರೆಯುವ ಮುಂಚೆಯೇ ಹಾಳೆ ಹುಟ್ಟುತ್ತದೆ. ನಾಲ್ಕನೆಯ ಕಾಲಂ ಖಾಲಿಯಿದ್ದರೆ ಕೋಡ್ ಶುರುವಾಗುವುದಿಲ್ಲ.

ವಿಸ್ತೀರ್ಣದ ಚೌಕ ಈಗ ಮೂರಾಗಿದೆ: ಎಕರೆ, ಗುಂಟೆ, ಆಣೆ. ಚುಕ್ಕಿ ಎಲ್ಲೂ ಇಲ್ಲ. ಒಳಗೆ ನಾನು ಆಣೆಯಲ್ಲಿ ಒಂದೇ ಪೂರ್ಣ ಸಂಖ್ಯೆ ಇಡುತ್ತೇನೆ. ಗುಂಟೆಗೆ 16 ಆಣೆಯಂತೆ 2 ಎಕರೆ 20 ಗುಂಟೆ ಎಂದರೆ 1,600. ಗುಂಟೆಯ ಚೌಕದಲ್ಲಿ 40ಕ್ಕಿಂತ ಹೆಚ್ಚು ಬರೆದರೆ ತಪ್ಪೆಂದು ತಡೆಯಬೇಕು ಎಂದು ನಾನು ಹಠ ಹಿಡಿದಿದ್ದೆ, ಎಕರೆಗೆ 40 ಅಲ್ಲವೇ ಎಂದು. ಡಿಸೈನರ್ ‘ತಡೆಯಬೇಡಿ, ಕೇಳಿ ನೋಡೋಣ’ ಎಂದರು. ಆ ಸಾಲನ್ನು ಖಾಲಿ ಬಿಟ್ಟು ಹೋದೆವು. ಗುಂಪಿನ ಸಭೆಯಲ್ಲಿ ಒಬ್ಬರು ಎಕರೆಯ ಚೌಕ ಮುಟ್ಟದೆ ನೇರ ಗುಂಟೆಗೆ ಹೋಗಿ 45 ಎಂದು ಒತ್ತಿದರು. ಯಾಕೆ ಹಾಗೆ ಎಂದೆ.

‘ನಮ್ಮಪ್ಪನ ಭಾಗ ಬಂದದ್ದು ನಲವತ್ತೈದ್ ಗುಂಟೆ ಸ್ವಾಮಿ. ಒಂದೆಕ್ರೆ ಐದ್ ಗುಂಟೆ ಅಂತ ಯಾರೂ ಅನ್ನಕಿಲ್ಲ.’

ಚೌಕ 45ನ್ನು ಒಪ್ಪಿಕೊಳ್ಳುತ್ತದೆ. ಕೆಳಗೆ ಸಣ್ಣಕ್ಷರದಲ್ಲಿ ‘ಅಂದರೆ 1 ಎಕರೆ 5 ಗುಂಟೆ’ ಎಂದು ಬರುತ್ತದೆ. ಒಳಗೆ 720 ಕೂತಿದೆ. ಹಾಳೆಯ ಆ ಸಾಲಿನ ನಾಲ್ಕನೆಯ ಕಾಲಂನಲ್ಲಿ ಇಬ್ಬರ ಹೆಸರೂ ಇದೆ, ಐದನೆಯದರಲ್ಲಿ ಆ ಸಭೆಯ ತಾರೀಕು.